ಅದೇ ಬುಟ್ಟಿ, ಬೇರೆ ಮರಿ

ನಾಯಿ ತೊಳೆಯುವುದೂ ಒಂದು ಕೆಲಸವೇ ಎಂದು ಮೂಗು ಮುರಿದವರ ಮನೆಗೇ ಈಗ ಸೋಪಮ್ಮ ವಾರಕ್ಕೊಮ್ಮೆ ಹೋಗುತ್ತಾಳೆ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಹದಿನಾಲ್ಕು ವರ್ಷ ದುಡಿದು, ಅಲ್ಲಿಗೆ ದೊಡ್ಡ ಯಂತ್ರ ಬಂದ ಮೇಲೆ ಈ ಕೆಲಸಕ್ಕೆ ಇಳಿದವಳು. ಅವಳ ಹೆಸರು ಬೇರೆಯೇ. ಬೀದಿಯ ಮಕ್ಕಳು ಇಟ್ಟದ್ದು ಅಂಟಿಕೊಂಡಿತು, ಅಷ್ಟೆ. "ಊರ ನಾಯಿಗಳೆಲ್ಲ ಘಮಘಮ ಅಂತಾವೆ, ನನ್ನ ಬನಿಯನ್ ಮಾತ್ರ ಮೂರು ದಿನದಿಂದ ಬಕೆಟ್‌ನಲ್ಲೇ ಇದೆ" ಎಂದು ಗಂಡ ರೇಗಿಸಿದರೆ, "ನೀವೂ ನಾಲ್ಕು ಕಾಲಲ್ಲಿ ನಿಂತ್ಕೊಳ್ಳಿ, ಬನಿಯನ್ ಸಮೇತ ಉಜ್ಜಿಬಿಡ್ತೀನಿ" ಎನ್ನುವಷ್ಟು ಬಾಯಿ ಅವಳದು.

ಕೆಲಸದಲ್ಲಿ ಮಾತ್ರ ತಮಾಷೆಯಿಲ್ಲ. ಬೆಳಿಗ್ಗೆ ಮೊದಲು ಮರಿಗಳಿರುವ ಮನೆ, ಆಮೇಲೆ ದೊಡ್ಡ ನಾಯಿಗಳದ್ದು. ವಾಂತಿ, ಭೇದಿ ಎಂದು ಕಿವಿಗೆ ಬಿದ್ದರೆ ಆ ಮನೆಯ ಗೇಟನ್ನೂ ಮುಟ್ಟುವುದಿಲ್ಲ. ಎರಡು ಜೊತೆ ರಬ್ಬರ್ ಚಪ್ಪಲಿ ಇಟ್ಟುಕೊಂಡಿದ್ದಾಳೆ. ಒಂದು ಕಾಲಲ್ಲಿದ್ದರೆ ಇನ್ನೊಂದು ಮುಚ್ಚಳದ ಡಬ್ಬಿಯಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಯುತ್ತಿರುತ್ತದೆ. ಮನೆಯಿಂದ ಮನೆಗೆ ಚಪ್ಪಲಿ ಬದಲು.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಆರು ವರ್ಷದ ಹಿಂದೆ, ಸಪ್ಪಗೆ ಮಲಗಿದ್ದ ಒಂದು ಮರಿಯನ್ನು ತೊಳೆದು, ಅದೇ ಚಪ್ಪಲಿಯಲ್ಲಿ, ಅದೇ ಟವೆಲ್ ಹಿಡಿದು ಇನ್ನೆರಡು ಮನೆಗೆ ಹೋಗಿದ್ದಳು. ಹದಿನೈದು ದಿನದೊಳಗೆ ಮೂರೂ ಮರಿಗಳು ರಕ್ತಭೇದಿಯಾಗಿ ಹೋದವು. ಪಾರ್ವೊ ಎಂಬ ಆ ಅಂಟುರೋಗದ ಹೆಸರನ್ನು ಅವಳು ಕೇಳಿದ್ದೇ ಆಗ. ಮೂರು ಮನೆಯವರೂ ಅವಳ ಮುಂದೆಯೇ ಅತ್ತರು. ಅವಳು ಬಾಯಿ ಬಿಡಲಿಲ್ಲ.

ಹೀಗಿರುವಾಗ ಮೂಲೆಮನೆಯಾಕೆಯ ಫೋನು ಬಂತು. ಆ ಮನೆಯ ಕಂದು ಮರಿ ಹತ್ತು ದಿನದ ಹಿಂದೆ ರಕ್ತಭೇದಿಯಿಂದ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿತ್ತು. ಅಂದಿನಿಂದ ಸೋಪಮ್ಮನಿಗೆ ಊಟ ಸೇರುತ್ತಿರಲಿಲ್ಲ. ಕಾಯಿಲೆಗೆ ಆರು ದಿನ ಮೊದಲು ಆ ಮರಿಗೆ ಸ್ನಾನ ಮಾಡಿಸಿದ್ದು ಅವಳೇ. ಅಂದು ಡಬ್ಬಿಯಿಂದ ತೆಗೆದ ಚಪ್ಪಲಿಯ ಬಾರು ಕಿತ್ತುಹೋಗಿ, ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಬರಿಗಾಲಲ್ಲೇ ಒಳಗೆ ಹೋಗಿದ್ದಳು. ತೊಳೆದದ್ದು ಸೋಪಿನಲ್ಲಿ, ಬ್ಲೀಚಿಂಗ್‌ನಲ್ಲಲ್ಲ.

"ಮರಿ ಹುಷಾರಾಗಿ ನಿನ್ನೆ ಸಂಜೆ ಮನೆಗೆ ಬಂತು ಸೋಪಮ್ಮ. ಆಸ್ಪತ್ರೆ ವಾಸನೆ ಹೊಡೀತಿದೆ, ಒಂದು ಸ್ನಾನ ಮಾಡಿಸಿಬಿಡಿ" ಎಂದಳು ಮೂಲೆಮನೆಯಾಕೆ. ಸೋಪಮ್ಮನಿಗೆ ಹೋದ ಜೀವ ಬಂದಂತಾಯಿತು. ದಿನದ ಕೊನೆಯ ಮನೆಯಾಗಿ ಅಲ್ಲಿಗೆ ಹೋದಳು.

ಹಿತ್ತಲ ನಲ್ಲಿಯ ಬಳಿ ಅದೇ ಬುಟ್ಟಿ, ಅದೇ ಹಸಿರು ಬಟ್ಟಲು. ಬುಟ್ಟಿಯಲ್ಲಿ ಕಂದು ಮರಿ. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ ಐದು ವರ್ಷದ ಮಗಳು.

"ಸೋಪಜ್ಜೀ, ಇದು ಕರೆದ್ರೆ ತಿರುಗೇ ನೋಡಲ್ಲ. ಡಾಕ್ಟ್ರು ಕಿವಿಗೂ ಸೂಜಿ ಚುಚ್ಚಿಬಿಟ್ರಾ?"

ಸೋಪಮ್ಮ ನಕ್ಕು ಮರಿಯನ್ನು ಎತ್ತಿಕೊಂಡಳು. ನಗು ಅಲ್ಲೇ ನಿಂತಿತು. ರಕ್ತಭೇದಿಯಿಂದ ಎದ್ದು ಬಂದ ಮರಿಗೆ ಇಷ್ಟು ದುಂಡು ಹೊಟ್ಟೆಯೇ? ಬಲ ಹಿಂಗಾಲನ್ನು ಹಿಡಿದು ನೋಡಿದಳು. ಕಪ್ಪು ಉಗುರುಗಳ ನಡುವೆ ಒಂದು ಬಿಳಿಯದಿತ್ತು, ಹೋದ ಸಲ ಅವಳೇ ಮಗುವಿಗೆ ತೋರಿಸಿದ್ದಳು. ಈಗ ಎಲ್ಲವೂ ಕಪ್ಪು.

ಮರಿಯನ್ನು ಕೆಳಗಿಡಲು ಧೈರ್ಯ ಬಾರದೆ, ಸೆರಗಿನಲ್ಲಿ ಸುತ್ತಿಕೊಂಡೇ ಅಡುಗೆಮನೆಗೆ ನಡೆದಳು.

"ಆ ಮರಿ ಹೋಯ್ತಾ?"

ಮೂಲೆಮನೆಯಾಕೆ ಬಾಗಿಲು ಮುಚ್ಚಿದಳು. "ಮೆಲ್ಲಗೆ! ಮಗಳಿಗೆ ಗೊತ್ತಿಲ್ಲ. ಹೋಗಿ ಆರು ದಿನ ಆಯ್ತು. ಅದೇ ಬಣ್ಣದ್ದು ಹುಡುಕೋಕೆ ಎಷ್ಟು ಒದ್ದಾಡಿದೆ ಗೊತ್ತಾ? ಅವಳಿಗೆ ಅನುಮಾನ ಬರಬಾರ್ದು ಅಂತ ಬುಟ್ಟಿ, ಬಟ್ಟಲು ಒಂದನ್ನೂ ಬದಲಾಯಿಸಿಲ್ಲ."

"ಅಯ್ಯೋ ತಾಯಿ, ಅದನ್ನೇ ಮಾಡಬಾರದಿತ್ತು! ಆ ರೋಗ ಬುಟ್ಟೀಲಿ, ಹಿತ್ತಲ ಮಣ್ಣಲ್ಲಿ ತಿಂಗಳುಗಟ್ಟಲೆ ಕೂತಿರುತ್ತೆ. ಇದಕ್ಕೆ ಎಷ್ಟು ಸೂಜಿ ಆಗಿದೆ?"

"ಒಂದು."

"ಸಾಲದು. ಮೂರೂ ಮುಗಿದು, ಎರಡು ವಾರ ಕಳೆಯೋವರೆಗೂ ಇದು ಈ ಮನೇಲಿ ಇರಬಾರದು. ಡಾಕ್ಟ್ರಿಗೆ ಫೋನ್ ಮಾಡಿ ಕೇಳು. ನಾಯಿನೇ ಸಾಕದಿರೋ ಯಾರಾದ್ರೂ ಇದಾರಾ?"

"ಅಣ್ಣನ ಮನೆ ಇದೆ. ಆದ್ರೆ ಮಗಳಿಗೆ ಏನಂತ ಹೇಳ್ಲಿ? ಊಟ ಬಿಟ್ಟುಬಿಡ್ತಾಳೆ ಅವಳು."

"ಇದೂ ಹೋದ್ರೆ? ಮೂರನೇದು ತರ್ತೀಯಾ?"

ಮೂಲೆಮನೆಯಾಕೆಯ ಮುಖ ಕೆಂಪಾಯಿತು. "ನಾಯಿ ತೊಳೆಯೋರಿಗೆ ಇಷ್ಟೆಲ್ಲ ಹೇಗೆ ಗೊತ್ತು?"

ಸುಮ್ಮನಿದ್ದುಬಿಡಬಹುದಿತ್ತು. ಆರು ವರ್ಷ ಸುಮ್ಮನಿದ್ದವಳಿಗೆ ಅದೇನು ಹೊಸದಲ್ಲ. ಆದರೆ ಸೆರಗಿನೊಳಗೆ ಮರಿ ಅವಳ ಹೆಬ್ಬೆರಳನ್ನು ಚೀಪುತ್ತಿತ್ತು.

"ನನ್ನ ಕಾಲಿಂದಾನೇ ಹರಡಿತ್ತು, ಆರು ವರ್ಷದ ಹಿಂದೆ. ಮೂರು ಮರಿ. ಯಾರಿಗೂ ಹೇಳಿಲ್ಲ, ನಿನಗೇ ಮೊದಲು."

 ಮೂಲೆಮನೆಯಾಕೆ ಮನಸ್ಸಿನಲ್ಲಿ ದಿನ ಎಣಿಸುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

"ಹಾಗಾದ್ರೆ ನಮ್ಮ ಮರಿಗೂ ನೀವೇ ತಂದ್ರಾ?"

"ಗೊತ್ತಿಲ್ಲ ತಾಯಿ. ಅವತ್ತು ಚಪ್ಪಲಿ ಕಿತ್ತುಹೋಗಿತ್ತು. ಬರಿಗಾಲಲ್ಲಿ ಬಂದಿದ್ದೆ. ಇರಬಹುದು, ಇಲ್ಲದೆಯೂ ಇರಬಹುದು."

"ಇರಬಹುದು ಅಂತ ಎಷ್ಟು ಸಲೀಸಾಗಿ ಹೇಳ್ತೀರ!"

"ಬೈಯಿ. ಮನಸ್ಸಿಗೆ ಸಮಾಧಾನ ಆಗೋಷ್ಟು ಬೈಯಿ. ಆದ್ರೆ ಮೊದಲು ಇದನ್ನ ಕಳಿಸು."

ಮೂಲೆಮನೆಯಾಕೆ ಮರಿಯನ್ನು ಕಿತ್ತುಕೊಂಡಳು. ಬಾಗಿಲ ಕಡೆ ಕೈ ತೋರಿಸಿದಳು. ಹೊರಬರುವಾಗ ಒಳಗೆ ಅವಳು ಫೋನಿನಲ್ಲಿ "ಅಣ್ಣಾ" ಎಂದು ಅಳುತ್ತಿದ್ದುದು ಕೇಳಿಸಿತು.

ಅಂದಿನಿಂದ ಹದಿನೈದು ದಿನ ಸೋಪಮ್ಮ ಮರಿಗಳಿರುವ ಯಾವ ಮನೆಗೂ ಹೋಗಲಿಲ್ಲ. ಅಷ್ಟರಲ್ಲಿ ಮಾತು ಬೀದಿಯೆಲ್ಲ ಹಬ್ಬಿತು. ನಾಲ್ಕು ಮನೆಯವರು ಅವಳನ್ನು ಕೆಲಸದಿಂದ ಬಿಡಿಸಿದರು. ಗಂಡ ಈಗ ರೇಗಿಸುವುದಿಲ್ಲ. ಅವನ ಬನಿಯನ್ ಹೊತ್ತಿಗೆ ಸರಿಯಾಗಿ ಒಣಗುತ್ತದೆ. ಅದೇ ಅವಳಿಗೆ ಹೆಚ್ಚು ಸಂಕಟ.

ಮೂರು ವಾರವಾದ ಮೇಲೆ ಮೂಲೆಮನೆಯ ಗೇಟಿನ ಮುಂದೆ ತಲೆ ತಗ್ಗಿಸಿ ದಾಟುತ್ತಿದ್ದಾಗ, "ಸೋಪಜ್ಜೀ!" ಎಂಬ ಕೂಗು.

ಮಗು ಗೇಟಿನ ಸರಳು ಹಿಡಿದು ನಿಂತಿತ್ತು. "ಮೊದಲನೇದು ಸತ್ತುಹೋಯ್ತಂತೆ. ಅಮ್ಮ ಹೇಳಿದ್ಲು. ಅದಕ್ಕೇ ಇದು ಕರೆದ್ರೆ ತಿರುಗ್ತಿರ್ಲಿಲ್ಲ. ಇದರ ಕಿವಿ ಸರಿ ಇದೆ."

"ಇದು ಎಲ್ಲಿದೆ ಪುಟ್ಟಾ? ಊಟ ಮಾಡುತ್ತಾ?"

"ಮಾವನ ಮನೇಲಿದೆ. ಅವರ ಶೂ ಕೂಡ ತಿಂತಂತೆ! ಎರಡನೇ ಸೂಜಿ ಆಯ್ತು." ಆಮೇಲೆ ಸ್ವರ ತಗ್ಗಿಸಿ, "ಆದ್ರೆ ನೀವು ಒಳಗೆ ಬರಬಾರ್ದಂತೆ."

"ಹೂಂ ಪುಟ್ಟಾ. ಬರಲ್ಲ."

ಬೀದಿಯ ತುದಿಯ ಕಸದ ತೊಟ್ಟಿಯ ಪಕ್ಕದಲ್ಲಿ ಆ ಬುಟ್ಟಿ ಬಿದ್ದಿತ್ತು. ಒಳಗೆ ಹಸಿರು ಬಟ್ಟಲು. ಎರಡೂ ಗಟ್ಟಿಮುಟ್ಟಾಗಿದ್ದವು. ಯಾರಾದರೂ ತಮ್ಮ ಮರಿಗೆಂದು ಎತ್ತಿಕೊಂಡು ಹೋಗುವಷ್ಟು ಚೆನ್ನಾಗಿದ್ದವು. ಸೋಪಮ್ಮ ಚೀಲದಿಂದ ಕತ್ತರಿ ತೆಗೆದು ಬುಟ್ಟಿಯನ್ನು ಕತ್ತರಿಸಿ ಚೂರು ಮಾಡಿದಳು. ಬಟ್ಟಲನ್ನು ಕಲ್ಲಿನಿಂದ ಒಡೆದಳು. ಡಬ್ಬಿಯ ಬ್ಲೀಚಿಂಗ್ ನೀರನ್ನೆಲ್ಲ ಮೇಲೆ ಸುರಿದಳು. ಅದು ಕೆಲಸ ಮಾಡಲು ಹತ್ತು ನಿಮಿಷವಾದರೂ ಬೇಕು.

ಹತ್ತು ನಿಮಿಷ ಅಲ್ಲೇ ಕಾವಲು ನಿಂತಳು. ಗೇಟಿನ ಹತ್ತಿರ ಮೂಲೆಮನೆಯಾಕೆ ಬಂದು ನೋಡುತ್ತಿದ್ದಳು. ಕರೆಯಲಿಲ್ಲ, ಒಳಗೂ ಹೋಗಲಿಲ್ಲ.