ಮಾವನ ಮೂಗು, ಸಭೆಯ ರೊಟ್ಟಿ

ನಮ್ಮ ಬೇಕರಿ ಮಾವನ ಬಗ್ಗೆ ಹೇಳಬೇಕಾದರೆ ಅವರ ಮೂಗಿನಿಂದಲೇ ಶುರು ಮಾಡಬೇಕು. ಅಮ್ಮನ ಹಿರಿಯಣ್ಣ ಅವರು. ಮೂಗು ನೋಡುವುದಕ್ಕೆ ಅಂಥಾ ಚೆಂದದ್ದೇನಲ್ಲ. ದಪ್ಪಗೆ, ತುದಿಯಲ್ಲಿ ಸ್ವಲ್ಪ ಕೆಂಪಗೆ ಇತ್ತು. ಆದರೆ ಆ ಮೂಗೊಂದನ್ನೇ ನಂಬಿ ಅವರು ಬೇಕರಿ ನಡೆಸಿದರು. ಅಲ್ಲಿ ಗಡಿಯಾರ ಇರಲಿಲ್ಲ. ಬ್ರೆಡ್ಡು ಬೆಂದಿದೆಯೋ ಇಲ್ಲವೋ ಎಂದು ಯಾರಾದರೂ ಸೌದೆ ಒಲೆಯ ಬಾಗಿಲು ತೆರೆದು ಇಣುಕಿದರೆ ಮಾವನಿಗೆ ಮೈಯೆಲ್ಲ ಉರಿ. "ಕಣ್ಣಲ್ಲಿ ನೋಡಿ ತಿಳ್ಕೊಳ್ಳೋನು ಗಿರಾಕಿ ಕಣೋ, ಬೇಕರಿಯವನಲ್ಲ" ಅನ್ನುತ್ತಿದ್ದರು. ಕೌಂಟರಿನ ಹತ್ತಿರ ಯಾರೊಂದಿಗೋ ಹರಟುತ್ತಿದ್ದವರು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಒಮ್ಮೆ ಉಸಿರೆಳೆದುಕೊಂಡು, "ತೆಗಿ" ಎಂದು ಒಳಗೆ ಕೂಗುತ್ತಿದ್ದರು. ತೆಗೆದರೆ ಬಣ್ಣ ಹದವಾಗಿ ಬಂದಿರುತ್ತಿತ್ತು. ಇದರಲ್ಲಿ ಸುಳ್ಳಿಲ್ಲ, ನಾನೇ ನೋಡಿದ್ದೇನೆ.

ಓದು ಮುಗಿಸಿ, ಬೇರೆ ಕೆಲಸ ಸಿಗುವ ತನಕ ಎಂದು ಆ ಕೌಂಟರಿನಲ್ಲಿ ಕೂತವಳು ನಾನು. ಮದುವೆಯಾಗುವ ತನಕ ಅಲ್ಲಿಂದ ಏಳಲಿಲ್ಲ. ಈಗ ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಒಲೆ ಒಡೆದು ಹಾಕಿ ಯಾವ ಕಾಲವಾಯಿತೋ. ಆದರೂ ಆ ಬಾಗಿಲ ಮುಂದೆ ಹಾದು ಹೋಗುವಾಗ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ, ಬಿಸಿ ಬ್ರೆಡ್ಡಿನ ವಾಸನೆ ಎಲ್ಲಿಂದಲೋ ಬಂದ ಹಾಗಾಗುತ್ತದೆ.

ಬೇಕರಿಯ ಒಳಗಡೆ ದುಡಿಯುತ್ತಿದ್ದವರು ಚಿಕ್ಕಮಾವ, ಅಂದರೆ ಮಾವನ ತಮ್ಮ. ಹಿಟ್ಟು ನಾದುವುದು, ಅಚ್ಚಿಗೆ ಎಣ್ಣೆ ಸವರುವುದು, ಒಲೆಗೆ ಸೌದೆ ಒಟ್ಟುವುದು ಎಲ್ಲ ಅವರೇ. ತೋಳು ಗಟ್ಟಿ, ಮಾತು ಕಡಿಮೆ. ಮಾವ ಅವರನ್ನು ಗಿರಾಕಿಗಳ ಎದುರಿಗೇ ಆಡಿಕೊಳ್ಳುತ್ತಿದ್ದರು. "ಇವನ ಮೂಗಿರೋದು ಕನ್ನಡಕ ನಿಲ್ಲಿಸೋಕೆ ಮಾತ್ರ" ಎಂದರೆ ಗಿರಾಕಿಗಳು ನಗುತ್ತಿದ್ದರು. ಚಿಕ್ಕಮಾವನೂ ನಗುತ್ತಿದ್ದರು. ಆ ನಗು ನನಗೆ ಯಾವತ್ತೂ ಹಿಡಿಸುತ್ತಿರಲಿಲ್ಲ.

ಇಷ್ಟಾದರೂ ಮಾವ ಭಕ್ತರು. ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಅವರು ಪ್ರಾರ್ಥನೆಗೆ ಎದ್ದರೆ ಮಕ್ಕಳು ಗೋಡೆಗೆ ಒರಗಿ ನಿದ್ದೆಗೆ ತಯಾರಾಗುತ್ತಿದ್ದರು, ಅಷ್ಟು ಉದ್ದ. "ಕರ್ತನೇ, ನಮ್ಮ ನಡುವೆ ಇರುವ ಗರ್ವಿಷ್ಠರನ್ನು ತಗ್ಗಿಸು" ಎಂಬ ಮಾತು ಅದರಲ್ಲಿ ತಪ್ಪದೆ ಬರುತ್ತಿತ್ತು. ಆ ಗರ್ವಿಷ್ಠರು ಯಾರೆಂದು ಅವರೊಬ್ಬರನ್ನು ಬಿಟ್ಟು ಸಭೆಗೆಲ್ಲ ಗೊತ್ತಿತ್ತು. ಅತ್ತೆ ಮಾತ್ರ ಸೆರಗನ್ನು ಹಣೆಯ ತನಕ ಎಳೆದುಕೊಂಡು ಕೂತಿರುತ್ತಿದ್ದರು.

ತಿಂಗಳ ಮೊದಲ ಭಾನುವಾರ ಸಭೆಯಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿನ್ನುವ ಆಚರಣೆ. ಅದಕ್ಕೆ ಬೇಕಾದ ದೊಡ್ಡ ದುಂಡು ರೊಟ್ಟಿಯನ್ನು ಮಾವನೇ ಮಾಡಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಮತ್ತೆ ಮತ್ತೆ ಜರಡಿ ಹಿಡಿದ ಹಿಟ್ಟನ್ನು ಒಂದು ಸಣ್ಣ ಚೀಲದಲ್ಲಿ ಕಟ್ಟಿ ಬೇರೆಯಾಗಿ ಇಡುತ್ತಿದ್ದರು. ಭಾನುವಾರ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ಬೀದಿಯ ನಟ್ಟನಡುವೆ ನಡೆಯುತ್ತಿದ್ದರು. ಸಭಾಪಾಲಕರು ಅದನ್ನು ಮುರಿದು ಹಂಚುವಾಗ ಎಲ್ಲರೂ ಕಣ್ಣು ಮುಚ್ಚಿ ಧ್ಯಾನಿಸುತ್ತಿದ್ದರೆ ಮಾವ ಕಣ್ಣು ಬಿಟ್ಟುಕೊಂಡು ಒಂದೊಂದೇ ಮುಖ ನೋಡುತ್ತಿದ್ದರು, ರೊಟ್ಟಿ ಹೇಗನ್ನಿಸಿತು ಎಂದು.

ಒಂದು ವರ್ಷ ಅವರಿಗೆ ಕೆಟ್ಟ ಜ್ವರ ಬಂತು. ಜ್ವರ ಇಳಿದು ಬೇಕರಿಗೆ ಬಂದ ಕೆಲವೇ ದಿನಕ್ಕೆ ಗೋಡೆಯ ಮೇಲೆ ಗಡಿಯಾರ ಹತ್ತಿತು. "ಗಿರಾಕಿಗಳು ಟೈಮ್ ಕೇಳ್ತಾರಮ್ಮ" ಎಂದು ನನಗೆ ಸಬೂಬು ಹೇಳಿದರು. ಆಮೇಲೆ ಒಲೆಯ ಬಾಗಿಲನ್ನು ತಾವೇ ತೆರೆದು ಇಣುಕತೊಡಗಿದರು. ಒಂದು ಸಂಜೆ ಮನೆಯಲ್ಲಿ ಹಾಲು ಉಕ್ಕಿ, ತಳ ಹತ್ತಿ, ಮನೆಯೆಲ್ಲ ಸೀದ ವಾಸನೆ. ಅತ್ತೆ ಹಿತ್ತಲಿನಿಂದ ಓಡಿ ಬಂದರೆ ಮಾವ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಹಾಕಿ ಕೂತು ಪೇಪರ್ ಓದುತ್ತಿದ್ದರಂತೆ. "ರೀ, ಮೂಗನ್ನ ಬೇಕರಿಯಲ್ಲೇ ಬಿಟ್ಟು ಬಂದ್ರಾ?" ಎಂದು ಅತ್ತೆ ತಮಾಷೆ ಮಾಡಿದ್ದಕ್ಕೆ ಎರಡು ದಿನ ಮಾತು ಬಿಟ್ಟರು. ಆಗ ನಮಗೆ ಅರ್ಥವಾಗಲಿಲ್ಲ. ಮೂಗು ಹೋದ ಮನುಷ್ಯನ ಬೈಗುಳ ಮಾತ್ರ ದುಪ್ಪಟ್ಟಾಗಿತ್ತು. ತಮ್ಮ ಮುಟ್ಟಿದ್ದೆಲ್ಲ ತಪ್ಪು.

ಆ ತಿಂಗಳ ಕರ್ತನ ಭೋಜನದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಮಾವ ಅದರ ಹಿಟ್ಟಿನ ಚೀಲ ಬಿಚ್ಚಿದರು. ಚಿಕ್ಕಮಾವ ಅದರ ಹತ್ತಿರ ಬಂದು ನಿಂತರು.

"ಅಣ್ಣ, ಇದು ಸೀಮೆಎಣ್ಣೆ ವಾಸನೆ ಹೊಡೀತಿದೆ. ಒಲೆ ಹಚ್ಚೋ ಸೀಮೆಎಣ್ಣೆ ಡಬ್ಬದ ಪಕ್ಕದಲ್ಲೇ ಇಟ್ಟಿದ್ದೀಯ, ನೋಡು."

ಮಾವ ಚೀಲಕ್ಕೆ ಮುಖ ಹಾಕಿ ಜೋರಾಗಿ ಉಸಿರೆಳೆದರು. "ಗೋಧಿ ವಾಸನೆ ಅದು. ನನಗೇ ಹೇಳಿಕೊಡೋಕೆ ಬಂದ್ಯಾ?"

"ಅಲ್ಲಣ್ಣ, ಸಭೆಗೆ ಹೋಗೋ ರೊಟ್ಟಿ..."

"ಇಷ್ಟು ವರ್ಷ ನನ್ನ ಹಿಂದೆ ನಿಂತು ಕೂಳು ತಿಂದವನು ನೀನು. ಹಿಂದೇನೇ ನಿಲ್ಲು."

ಬ್ರೆಡ್ಡಿಗೆ ಕಾಯುತ್ತಿದ್ದವರೆಲ್ಲ ತಲೆ ತಗ್ಗಿಸಿದರು. ಈ ಸಲ ಚಿಕ್ಕಮಾವ ನಗಲಿಲ್ಲ. ಕೈ ತೊಳೆದುಕೊಂಡು, ಟವೆಲ್ಲನ್ನು ಮೊಳೆಗೆ ನೇತು ಹಾಕಿ, "ಸೋಮವಾರದಿಂದ ನಾನು ಬರಲ್ಲಣ್ಣ" ಎಂದು ಮೆಲ್ಲಗೆ ಹೇಳಿ ಹೊರಟರು. ಮಾವ ನಾದುತ್ತಲೇ ಇದ್ದರು.

ಭಾನುವಾರದ ಕತೆ ನೆನೆದರೆ ಈಗಲೂ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ರೊಟ್ಟಿಯ ತುಂಡು ಬಾಯಿಗೆ ಹಾಕಿಕೊಂಡೆ, ಸೀಮೆಎಣ್ಣೆ ನೆತ್ತಿಗೇರಿತು. ಉಗಿಯುವ ಹಾಗಿಲ್ಲ, ಅದು ಕರ್ತನ ಭೋಜನ. ಪಕ್ಕದಲ್ಲಿ ಕೂತಿದ್ದ ಟೈಲರಜ್ಜಿಯ ಕಣ್ಣಲ್ಲಿ ನೀರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮನ್ನು ಕರ್ಚೀಫಿನೊಳಗೆ ಅದುಮಿದರು. ಆದರೂ ಸಭೆ ಸಭೆಯೇ ಮೌನವಾಗಿ ನುಂಗಿತು. ಆ ಜನರ ಮೇಲೆ ಅವತ್ತು ನನಗೆ ಹುಟ್ಟಿದ ಪ್ರೀತಿ ಇನ್ನೂ ಹೋಗಿಲ್ಲ. ಮಾವ ತಮ್ಮ ತುಂಡನ್ನು ಅಗಿಯುತ್ತಾ ಎಲ್ಲರ ಮುಖ ನೋಡಿದರು. ಒದ್ದೆ ಕಣ್ಣುಗಳನ್ನು ಕಂಡು ಅವರ ಕಣ್ಣೂ ಒದ್ದೆಯಾಯಿತು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಸಭಾಪಾಲಕರಿಗೆ, "ಅಯ್ಯನವರೇ, ಇವತ್ತು ಜನರಲ್ಲಿ ಎಂಥಾ ಭಕ್ತಿ" ಅಂದರು. ಸಭಾಪಾಲಕರು ನೀರು ಕುಡಿಯಲು ಹೋದರು.

ಆದರೆ ಉಳಿದ ರೊಟ್ಟಿ ಮೇಜಿನ ಮೇಲೆ ಹಾಗೇ ಇತ್ತು. ಬೇರೆ ತಿಂಗಳು ಮಕ್ಕಳು ಮುತ್ತಿಗೆ ಹಾಕಿ ಕ್ಷಣದಲ್ಲಿ ಖಾಲಿ ಮಾಡುತ್ತಿದ್ದರು. ಅವತ್ತು ಒಂದು ಮಗುವೂ ಹತ್ತಿರ ಸುಳಿಯಲಿಲ್ಲ. ಮಾವ ಅದನ್ನು ನೋಡುತ್ತಾ ಬಹಳ ಹೊತ್ತು ನಿಂತರು. ಬಟ್ಟೆಯಲ್ಲಿ ಸುತ್ತಿಕೊಂಡು, ಮನೆಗೆ ಹೋಗದೆ, ಬೀದಿಯ ಅಂಚಿನಲ್ಲಿ ನಡೆದು ಬೇಕರಿಗೆ ಬಂದರು. ನನಗೆ ಯಾಕೋ ಹೆದರಿಕೆಯಾಗಿ ಹಿಂದೆಯೇ ಹೋದೆ.

ಚಿಕ್ಕಮಾವ ತಮ್ಮ ಬಟ್ಟೆಬರೆ ತೆಗೆದುಕೊಂಡು ಹೋಗಲು ಅಲ್ಲಿಗೆ ಬಂದಿದ್ದರು. ಮಾವ ರೊಟ್ಟಿಯನ್ನು ನಾದುವ ಹಲಗೆಯ ಮೇಲಿಟ್ಟರು.

"ಇದರಲ್ಲಿ ಏನಾಗಿದೆ, ಹೇಳು."

ಚಿಕ್ಕಮಾವ ಒಂದು ದೊಡ್ಡ ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ನುಂಗಿದರು. ಕಣ್ಣಲ್ಲಿ ನೀರು ಬಂತು. "ಏನೂ ಆಗಿಲ್ಲಣ್ಣ. ಚೆನ್ನಾಗೇ ಇದೆ" ಎಂದು ಇನ್ನೊಂದು ತುಂಡಿಗೆ ಕೈ ಹಾಕಿದರು.

ಮಾವ ಆ ಕೈಯನ್ನು ಹಿಡಿದುಕೊಂಡರು. ಬಿಟ್ಟು ಹೋಗಲು ನಿಂತ ತಮ್ಮ, ಅಷ್ಟು ಮಾತು ಕೇಳಿಸಿಕೊಂಡ ತಮ್ಮ, ಅಣ್ಣನ ಮಾನ ಉಳಿಸಲು ಸೀಮೆಎಣ್ಣೆ ತಿನ್ನುತ್ತಿದ್ದಾನೆ. ಅದು ಅವರಿಗೆ ಅರ್ಥವಾಗಿದ್ದನ್ನು ನಾನು ಅವರ ಮುಖದಲ್ಲೇ ಕಂಡೆ.

"ನನಗೆ ವಾಸನೆ ಹೋಗಿದೆ ಕಣೋ," ಅಂದರು. "ಜ್ವರದಲ್ಲೇ ಹೋಯ್ತು. ರುಚಿಯೂ ಇಲ್ಲ. ಹೇಳಿದ್ರೆ ನಾನು ಏನೂ ಅಲ್ಲ ಅಂತಾಗಿಬಿಡುತ್ತೆ ಅಂತ ಹೇಳಲಿಲ್ಲ." ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತು ಅತ್ತರು. ಆಮೇಲೆ ಮೂಗೊರೆಸಿಕೊಂಡು ಕೇಳಿದರು, "ನೀನು ಹೋದ್ರೆ ಬೇಕರಿ ಮುಚ್ಚಬೇಕು ಅಂತ ಕೇಳ್ತಿಲ್ಲ. ನಾನು ನಿನ್ನ ಬಹಳ ಹೀನಾಯ ಮಾಡಿದೆ. ಕ್ಷಮಿಸ್ತೀಯಾ?"

ಚಿಕ್ಕಮಾವ ಬಾಯಿ ತೊಳೆದುಕೊಂಡು ಬಂದು, "ಮೊದಲು ಆ ಡಬ್ಬ ಹೊರಗಿಡೋಣ ನಡಿ" ಅಂದರು. ಸೋಮವಾರ ಅವರು ಬೇಕರಿಯಲ್ಲಿದ್ದರು.

ಮುಂದಿನ ವಾರ ಸಭೆಯಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ತಮ್ಮ ಬಾಳಲ್ಲಿ ಮಾಡಿದ್ದನ್ನು ಎದ್ದು ನಿಂತು ಹೇಳಿಕೊಳ್ಳುವ ಸಮಯದಲ್ಲಿ ಮಾವ ಎದ್ದರು. ಮಕ್ಕಳು ಅಭ್ಯಾಸಬಲದಿಂದ ಗೋಡೆಗೆ ಒರಗಿದರು. ಆದರೆ ಮಾವ ಹೇಳಿದ್ದು ಸ್ವಲ್ಪವೇ. "ನನಗೆ ಮೂಗು ಕೆಲಸ ಮಾಡ್ತಿಲ್ಲ. ತಮ್ಮ ಎಚ್ಚರಿಸಿದ್ದ, ನಾನು ಕೇಳಲಿಲ್ಲ. ಕರ್ತನ ಮೇಜಿಗೆ ಕೆಟ್ಟ ರೊಟ್ಟಿ ಕೊಟ್ಟೆ. ಗರ್ವಿಷ್ಠರನ್ನ ತಗ್ಗಿಸು ಅಂತ ಇಲ್ಲೇ ನಿಂತು ಬೇಡ್ತಿದ್ದೆ, ನನಗೇ ಬೇಡ್ತಿದ್ದೀನಿ ಅಂತ ಗೊತ್ತಿರಲಿಲ್ಲ." ಹೊರಗೆ ಬಂದಾಗ, "ಒಬ್ಬರಾದ್ರೂ ನನಗೆ ಹೇಳಬಾರದಿತ್ತಾ ಅಯ್ಯನವರೇ?" ಎಂದರು. ಸಭಾಪಾಲಕರು ಅವರ ಹೆಗಲ ಮೇಲೆ ಕೈ ಹಾಕಿ, "ಹೇಳೋಕೆ ನೀವು ಬಿಟ್ಟಿದ್ರೆ ತಾನೆ?" ಅಂದರು. ಸಲಿಗೆ ಸಿಕ್ಕಿದ್ದೇ ತಡ, ಟೈಲರಜ್ಜಿ ಮುಂದೆ ಬಂದರು. "ಇನ್ನೊಂದು ಹೇಳ್ತೀನಿ, ಬೇಜಾರಾಗಬೇಡಪ್ಪ. ನಿನ್ನ ರೊಟ್ಟಿಗೆ ಮೊದಲಿಂದಲೂ ಉಪ್ಪು ಒಂಚೂರು ಜಾಸ್ತಿ." ಸುತ್ತ ನಿಂತವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಮಾವನ ಮುಖ ಕೆಂಪಾಯಿತು. ಆಮೇಲೆ ಅದು ಹೇಗೋ ನಗುವಾಗಿ ತಿರುಗಿತು.

ಹಾಗೆಂದು ಅವರು ಒಂದೇ ದಿನಕ್ಕೆ ಸಾಧುವಾಗಲಿಲ್ಲ. ಹಳೇ ಚಾಳಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ತಮ್ಮನ ಮೇಲೆ ರೇಗುತ್ತಿದ್ದರು, ಒಲೆಯ ಸುತ್ತ ಒಂದು ಸುತ್ತು ಹಾಕಿ ಬಂದು, "ತಪ್ಪಾಯ್ತು ಕಣೋ" ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಒಲೆಯ ಮುಂದೆ ಸ್ಟೂಲು ಹಾಕಿಕೊಂಡು, "ಈಗ ಹೇಗೆ ಬರ್ತಿದೆ?" ಎಂದು ಕೇಳುವುದನ್ನು ಕಲಿತರು. ಚಿಕ್ಕಮಾವ, "ಹಸಿ ಹೋಗಿದೆ, ಇನ್ನೂ ಘಮ ಕಟ್ಟಿಲ್ಲ" ಎನ್ನುವರು. ಆ ಇಬ್ಬರ ಮಾತು ಕೇಳುತ್ತಾ ಕೌಂಟರಿನಲ್ಲಿ ಕೂತಿದ್ದ ಬೆಳಗುಗಳು ನನ್ನ ಬದುಕಿನ ಒಳ್ಳೆಯ ಬೆಳಗುಗಳು.

ಮರುತಿಂಗಳು ಕರ್ತನ ಭೋಜನದ ರೊಟ್ಟಿಯನ್ನು ಚಿಕ್ಕಮಾವ ಮಾಡಿದರು. ಹೊರಡುವಾಗ ಅದನ್ನು ಅಣ್ಣನ ಮುಂದೆ ಹಿಡಿದರು. ಮಾವ ತೆಗೆದುಕೊಳ್ಳಲಿಲ್ಲ. "ನೀನೇ ಹಿಡ್ಕೊ. ನಾನು ಹಿಂದೆ ಬರ್ತೀನಿ." ಬೀದಿಯುದ್ದಕ್ಕೂ ಅವರ ಖಾಲಿ ಕೈಗಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಜೇಬಿಗೆ ಹಾಕಿದರು, ತೆಗೆದರು, ಕೊನೆಗೆ ಬೆನ್ನ ಹಿಂದೆ ಕಟ್ಟಿಕೊಂಡರು.

ರೊಟ್ಟಿಯ ತುಂಡು ಕೈಗೆ ಬಂದಾಗ ಮಾವ ಹಳೆಯ ರೂಢಿಯಂತೆ ಮೂಗಿನ ಹತ್ತಿರ ಒಯ್ದರು. ಏನೂ ಬರಲಿಲ್ಲವೆಂದು ಕಾಣುತ್ತದೆ, ತಮ್ಮನ ಕಡೆ ವಾಲಿದರು.

"ಹೇಗಿದೆ?"

"ನಿನ್ನ ರೊಟ್ಟಿ ಥರಾನೇ ಇದೆ ಅಣ್ಣ."

"ಹಂಗಾದ್ರೆ ಉಪ್ಪು ಜಾಸ್ತಿ ಆಗಿರ್ಬೇಕು."

ಚಿಕ್ಕಮಾವನಿಗೆ ನಗು ತಡೆಯಲಾಗಲಿಲ್ಲ, ಅತ್ತೆ ಹಿಂದಿನಿಂದ ಶ್ ಎಂದರು. ಮಾವ ತುಂಡನ್ನು ಬಾಯಿಗೆ ಹಾಕಿಕೊಂಡರು. ಯಾರ ಮುಖವನ್ನೂ ನೋಡಲಿಲ್ಲ. ಸಭೆಯವರೆಲ್ಲರ ಹಾಗೆ ಅವರೂ ಕಣ್ಣು ಮುಚ್ಚಿಕೊಂಡರು.