ಎಲೆ ಉದುರಿಸಿ ಮಲಗಿದ ಪೊದೆಗಳ ಕಾವಲುಗಾರ್ತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂದಿನ ಬಯಲಲ್ಲಿ ಗಿಡದಮ್ಮ ಮಂಡಿಯೂರಿ ಕುಳಿತು, ಒಣಗಿ ನಿಂತ ಪೊದೆಯೊಂದರ ಕಡ್ಡಿಯನ್ನು ಉಗುರಿನಿಂದ ಕೆರೆಯುತ್ತಾಳೆ. ತೊಗಟೆಯಡಿ ಹಸಿರು ಕಂಡರೆ ಜೀವವಿದೆ, ಕಂದು ಕಂಡರೆ ಕಥೆ ಮುಗಿದಂತೆ. ಇವತ್ತು ಕಾಣುತ್ತಿರುವುದು ಹಸಿರೂ ಅಲ್ಲ, ಕಂದೂ ಅಲ್ಲ. "ನಿನ್ನನ್ನ ಏನಂತ ತಿಳ್ಕೊಳ್ಳಲಿ?" ಎಂದು ಕಡ್ಡಿಯನ್ನೇ ಕೇಳುತ್ತಾಳೆ.

ಆಸ್ಪತ್ರೆಯವರೆಲ್ಲ ಅವಳನ್ನು ಕರೆಯುವುದೇ ಗಿಡದಮ್ಮ ಎಂದು. ಮರಳುಗಾಡಿನಲ್ಲಿ ಬೆಳೆಯುವ ಜಾತಿಯ ಈ ಇನ್ನೂರಕ್ಕೂ ಹೆಚ್ಚು ಪೊದೆಗಳನ್ನು ಹಳೆಯ ಡಬ್ಬಿಗಳಲ್ಲಿ ಬೀಜ ಹಾಕಿ ಸಸಿ ಮಾಡಿದವಳು ಅವಳೇ. ಬೇಸಿಗೆ ಬಂತೆಂದರೆ ಅವು ಎಲೆಯನ್ನೆಲ್ಲ ಉದುರಿಸಿ ಸತ್ತಂತೆ ಮಲಗುತ್ತವೆ, ಮಳೆ ಬಿದ್ದರೆ ಏಳುತ್ತವೆ. ಮಲಗಿದ್ದಾಗ ನೀರುಣಿಸಿದರೆ ಬೇರು ಕೊಳೆಯುತ್ತದೆ. ಮೊದಲ ವರ್ಷ ಕರುಳು ತಡೆಯದೆ ಕೊಡಗಟ್ಟಲೆ ಸುರಿದು ಅರ್ಧಕ್ಕರ್ಧ ಕಳೆದುಕೊಂಡಳು. "ಮುದ್ದು ಮಾಡಿ ಕೊಂದೆ," ಎನ್ನುತ್ತಾಳೆ.

ಈ ಸಲ ಮಳೆ ತಡವಾಗಿದೆ. ವಾರ್ಡಿನ ಕಿಟಕಿ ತೆರೆದರೆ ರೋಗಿಗಳಿಗೆ ಕಾಣುವುದು ಬರೀ ಕಟ್ಟಿಗೆ. ನೀರು ಹಾಯಿಸಿ ಚಿಗುರಿಸು, ಇಲ್ಲವಾದರೆ ಕಿತ್ತು ಹುಲ್ಲು ಹಾಸುತ್ತೇವೆ, ಇವತ್ತೇ ಹೇಳು ಎಂದಿದ್ದಾರೆ ಮೇಲ್ವಿಚಾರಕರು. ಅತ್ತ ದರಿ, ಇತ್ತ ಪುಲಿ.

ಸಾಲದ್ದಕ್ಕೆ ಅವಳ ಮನೆ ಬಾಗಿಲಿನ ಪೊದೆಯೊಂದು ಮಳೆ ಬರುವ ಮೊದಲೇ ಚಿಗುರಿ ಕೂತಿದೆ. ಕೈವಾಡ ಅತ್ತೆಯದು. ತರಕಾರಿ ತೊಳೆದ ನೀರನ್ನೆಲ್ಲ ಕದ್ದುಮುಚ್ಚಿ ಅದರ ಬುಡಕ್ಕೇ ಸುರಿದಿದ್ದಾರೆ. ನಿನ್ನೆ ಸಂಜೆ ಗಿಡದಮ್ಮ ಕೇಳಿದ್ದಕ್ಕೆ ತಿರುಗಿಬಿದ್ದರು.

"ಬಾಯಾರಿದೋರಿಗೆ ನೀರು ಕೊಡೋಕೂ ನಿನ್ನ ಅಪ್ಪಣೆ ಬೇಕೇನೇ?"

"ಅದಕ್ಕೆ ಬಾಯಾರಿಕೆ ಅಲ್ಲ ಅತ್ತೆ, ನಿದ್ದೆ."

"ನಿದ್ದೇಲಿ ಚಿಗುರಿತಾ ಹಾಗಾದ್ರೆ?"

ಗಿಡದಮ್ಮನಿಗೆ ಆ ಚಿಗುರು ಕಂಡರೆ ಹಿಗ್ಗಾಗುತ್ತದೆ. ಬುಡ ಕೆದಕಿದರೆ ಒಂದು ಬೇರು ಗಟ್ಟಿ, ಪಕ್ಕದ್ದು ಕೊಳೆತಂತೆ ಮೆತ್ತಗೆ. ಇಷ್ಟು ವರ್ಷ ತಿಳಿದುಕೊಂಡದ್ದೇ ತಪ್ಪಾಗಿದ್ದರೆ? ನೀರು ಕೊಡದೆ ಇವುಗಳನ್ನು ಸಾಯಿಸುತ್ತಿರುವವಳು ತಾನೇ ಆಗಿದ್ದರೆ? ಅವಳಿಗೆ ದಿಕ್ಕೇ ತೋಚುವುದಿಲ್ಲ, ಹೆದರಿಕೆಯಾಗುತ್ತದೆ.

ಬಿಸಿಲೇರುವ ಹೊತ್ತಿಗೆ ಮೇಲ್ವಿಚಾರಕರು ಬಂದು ನಲ್ಲಿಯ ಮೇಲೆ ಕೈಯಿಡುತ್ತಾರೆ. "ಏನಮ್ಮಾ, ಬಿಡಲಾ ನೀರು?"

"ಬೇಡ ಸಾರ್."

"ಬದುಕಿವೆ ಅಂತ ಖಾತ್ರಿ ಇದೆಯಾ?"

"ಇಲ್ಲ ಸಾರ್. ನನಗೇ ಗೊತ್ತಾಗ್ತಿಲ್ಲ."

"ಮತ್ತೆ?"

ಅವಳು ಸೆರಗಿನಿಂದ ಕೈಯ ಮಣ್ಣು ಒರೆಸಿಕೊಳ್ಳುತ್ತಾಳೆ.

"ನೀರು ಹಾಕಿ ಕೊಂದ್ರೆ ಮಳೆ ಬಂದ್ರೂ ಏಳಲ್ಲ. ಒಂದು ಮಳೆವರೆಗೆ ಬಿಡಿ. ಆಗ್ಲೂ ಏಳದಿದ್ರೆ ಕೀಳೋಕೆ ಬೇರೆಯವರನ್ನ ಕಳಿಸ್ಬೇಡಿ ಸಾರ್. ನೆಟ್ಟೋಳು ನಾನು, ನಾನೇ ಕೀಳ್ತೀನಿ."