ಹರಾಜಿಗೆ ಬಾರದ ಅಕ್ಕಿ

ಅಣ್ಣಿಗೇರಿಯ ನಮ್ಮ ಓಣಿಯಲ್ಲಿದ್ದ ಪಾದ್ರಿಗಳು ಎರಡೇ ಮಹಾಶಕ್ತಿಗಳಿಗೆ ಅಂಜುತ್ತಿದ್ದರು: ಒಂದು ದೇವರು, ಇನ್ನೊಂದು ಆಹಾರ ಇಲಾಖೆಯ ಇನ್ಸ್‌ಪೆಕ್ಟರ್. ದೇವರು ಕ್ಷಮಿಸುತ್ತಾನೆಂಬ ಭರವಸೆಯಾದರೂ ಇತ್ತು. ಪಾದ್ರಿಗಳು ಮಾತಿಗೊಮ್ಮೆ ಕನ್ನಡಕ ಒರೆಸಿ, "ಬಡವರ ಪಾಲು ಮೊದಲ ತಗೀರಿ" ಎನ್ನುವರು. ಅಡತಿ ಅಂಗಡಿಯ ಸಾಹುಕಾರರಿಗೂ ಅದೇ, ಮತ ಕೇಳಲು ಬಂದವರಿಗೂ ಅದೇ.

ಅವರ ಚರ್ಚಿನ ಸುಗ್ಗಿ ಹಬ್ಬದಲ್ಲಿ ಸಭೆಯವರು ಬೆಳೆದದ್ದನ್ನು ತಂದು ಅರ್ಪಿಸುವರು. ಆಮೇಲೆ ಅಂಗಳದಲ್ಲಿ, ಕೊಟ್ಟವರ ಹೆಸರು ಕೂಗಿ ಹರಾಜು ಹಾಕುವರು. ಆ ವರ್ಷ ಇನ್ಸ್‌ಪೆಕ್ಟರರೂ ಅತಿಥಿಯಾಗಿ ಬಂದಿದ್ದರು. ಹೊಲವಿಲ್ಲದ ಮುದುಕಿಯೊಬ್ಬಳು ಬಡವರ ಹಸಿರು ರೇಷನ್ ಕಾರ್ಡಿಗೆ ಸಿಕ್ಕ ಅಕ್ಕಿಯನ್ನೇ ಬುಟ್ಟಿಯಲ್ಲಿ ತಂದಿಟ್ಟಿದ್ದಳು. ಸರಕಾರ ಕೊಟ್ಟ ಅಕ್ಕಿ ಮಾರಿದರೆ ಕಾರ್ಡು ರದ್ದು. ಕಾಳು ನೋಡಿಯೇ ಊರು ಹೇಳುವ ಅಣ್ಣಿಗೇರಿಯಲ್ಲಿ ಅದು ರೇಷನ್ ಅಕ್ಕಿ ಎಂಬುದನ್ನು ಮುಚ್ಚಿಡುವಂತಿರಲಿಲ್ಲ.

ಸಾಹುಕಾರರೊಬ್ಬರ ಕುಂಬಳಕಾಯಿಯ ಬೆಲೆ ಏರುತ್ತಿತ್ತು. ಮುಂದಿನದು ಅಕ್ಕಿ. ಪಾದ್ರಿಗಳು ಬುಟ್ಟಿಯನ್ನು ಎದೆಗವಚಿಕೊಂಡು ಹಬ್ಬದ ಊಟ ಬೇಯುತ್ತಿದ್ದ ಒಲೆಯ ಕಡೆ ನಡೆದರು. "ಇದು ಉಣ್ಣಾಕ್ರಿ" ಎಂದರು. ತಾಸಿನೊಳಗೆ ಸಾಕ್ಷ್ಯವೆಲ್ಲ ಅನ್ನವಾಗಿ ಎಲೆಗೆ ಬಿತ್ತು. ಇನ್ಸ್‌ಪೆಕ್ಟರರು ಕೇಳಿ ಎರಡನೆಯ ಸಲ ಹಾಕಿಸಿಕೊಂಡರು.

ಅವರು ಹೋದ ಮೇಲೆ ಮುದುಕಿ ಬಂದಳು.

"ಸಾವ್ಕಾರ್ರ ಕುಂಬಳಕಾಯಿ ಅಷ್ಟೊತ್ತು ಕೂಗಿದ್ರಿ. ನಂದು ಒಂದ್ ಸಲಾನೂ ಕೂಗಲಿಲ್ಲ. ಬಡವಿ ಅಂತ ಬಿಟ್ರೇನ್ರಿ ಪಾದ್ರಿಯವರ?"

"ನಿನ್ನ ಕಾರ್ಡ್ ಹೋಗ್ತಿತ್ತಲ್ಲ ಯವ್ವಾ."

"ಹೋಗವಲ್ದ್ಯಾಕ. ನಾಕ್ ಮಂದಿ ಮುಂದ ನನ್ನ ಹೆಸರು ಕೂಗಿದ್ರ ಸಾಕಿತ್ತು."

ಅವಳು ಬುಟ್ಟಿಗೆ ಕೈ ಚಾಚಿದಳು. ಖಾಲಿ ಬುಟ್ಟಿಯನ್ನು ಕೊಡಲಾರದೆ ಪಾದ್ರಿಗಳು ಬಹಳ ಹೊತ್ತು ಹಿಡಿದುಕೊಂಡೇ ನಿಂತರು.